ಹೆಗಲ ಮೇಲಿನ ಏರಿ

"ಗುರುಗಳೇ, ನನಗೆ ಕೇಡು ಮಾಡಿದವನೊಬ್ಬ ಇಂದು ನನ್ನ ನೆರವು ಕೇಳಿಕೊಂಡು ಬಂದಿದ್ದಾನೆ. ನೆರವಾದರೆ ಗೆಲುವು ಅವನದಾಗುತ್ತದೆ. ಬರಿಗೈಯಲ್ಲಿ ಕಳುಹಿಸಿದರೆ ನನ್ನದಾಗುತ್ತದೆಯೇ?"

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಕುಳಿತುಕೋ ಎಂದು ಸನ್ನೆ ಮಾಡಿ ಈ ಕತೆ ಹೇಳಿದರು.

ಕಡಲ ತೀರದಲ್ಲಿ ಎರಡು ಕೇರಿಗಳಿದ್ದವು. ಒಂದು ಉಪ್ಪಿನ ಕೇರಿ. ಅಲ್ಲಿಯವರು ಆಗರಗಳಲ್ಲಿ ಕಡಲ ನೀರನ್ನು ಕಟ್ಟಿ ಉಪ್ಪು ತೆಗೆಯುತ್ತಿದ್ದರು. ಇನ್ನೊಂದು ಕಾಡಂಚಿನ ಕೇರಿ. ಅಲ್ಲಿಯವರು ಮರ ಕೊಯ್ದು, ದನ ಸಾಕಿ ಬದುಕುತ್ತಿದ್ದರು. ಎರಡರ ನಡುವೆ ಉಪ್ಪುನೀರಿನ ಜೌಗು. ಅಲ್ಲಿನ ಜೊಂಡಿನಲ್ಲಿ ದೋಣಿ ಸಾಗದು, ಕಾಲಿಗೆ ನೆಲ ಸಾಲದು. ಹಿರಿಯರು ಜೌಗಿನ ಮೇಲೆ ಮಣ್ಣಿನ ಏರಿಯೊಂದನ್ನು ಕಟ್ಟಿದ್ದರು. ಕಾಲುದಾರಿ ಉಪ್ಪಿನ ಕೇರಿಯಿಂದ ಹೊರಟು ಏರಿಯ ಮೇಲೆ ಸಾಗಿ, ಕಾಡನ್ನು ಹೊಕ್ಕು ಪೇಟೆ ಸೇರುತ್ತಿತ್ತು. ಅದೇ ದಾರಿಯಲ್ಲಿ ಉಪ್ಪು ಹೋಗುತ್ತಿತ್ತು, ಸೌದೆ ಬರುತ್ತಿತ್ತು. ಹೆಣ್ಣು ಕೊಟ್ಟು ತರುವುದೂ ಇತ್ತು.

ಒಂದು ಬೇಸಿಗೆಯಲ್ಲಿ ಕಾಡಂಚಿನ ದನಗಳು ಏರಿಯಿಂದಿಳಿದು ಆಗರಕ್ಕೆ ನುಗ್ಗಿದವು. ಕಟ್ಟಿದ ಉಪ್ಪೆಲ್ಲ ಕೆಸರಾಯಿತು. ಮಾತಿಗೆ ಮಾತು ಬೆಳೆಯಿತು. ಉಪ್ಪಿನ ಕೇರಿಯ ಯಜಮಾನ ಸಿಟ್ಟು ತಡೆಯಲಾರದೆ ಗುದ್ದಲಿ ಹಿಡಿದು ಏರಿಯನ್ನು ನಡುವೆ ಕಡಿದುಬಿಟ್ಟ. ಅವನು ಕಡಿದದ್ದು ಒಂದು ಮಾರು. ಅದರ ಆಚೀಚೆಯ ಮಣ್ಣನ್ನು ಬಹುದೂರದವರೆಗೆ ಉಬ್ಬರದ ನೀರು ಕೊಚ್ಚಿತು. ಕಾಡಂಚಿನವರೂ ಸುಮ್ಮನಿರಲಿಲ್ಲ. ಕಾಡಿನ ದಾರಿಗೆ ಮರ ಕೆಡವಿ ಮುಳ್ಳುಬೇಲಿ ಹಾಕಿದರು. ಅಂದಿನಿಂದ ಈ ಕೇರಿಯವರು ಆ ಕೇರಿಗೆ ಹೋಗಬೇಕಾದರೆ ಹಿನ್ನೀರಿನ ದಡವನ್ನು ಸುತ್ತುಬಳಸಿ ಹೋಗಬೇಕು. ಬೆಳಿಗ್ಗೆ ಹೊರಟರೆ ಸಂಜೆಗೆ ಮುಟ್ಟುವ ದಾರಿ ಅದು.

ಕಾಡಂಚಿನಲ್ಲಿ ಮರ ಕೊಯ್ಯುವವನೊಬ್ಬನಿದ್ದ. ಅವನ ಹೆಂಡತಿಗೆ ವಿಷಮಜ್ವರ ಬಂತು. ಮದ್ದು ಬಲ್ಲ ವೈದ್ಯ ಇದ್ದದ್ದು ಉಪ್ಪಿನ ಕೇರಿಯಲ್ಲಿ. ಗಂಡ ಅವಳನ್ನು ಬೆನ್ನ ಮೇಲೆ ಹೊತ್ತು ಹಿನ್ನೀರು ಬಳಸಿ ನಡೆದ. ಮೊದಮೊದಲು ಅವಳು ನೀರು ಕೇಳುತ್ತಿದ್ದಳು. ಆಮೇಲೆ ಏನೂ ಕೇಳಲಿಲ್ಲ. ಉಪ್ಪಿನ ಕೇರಿ ಕಣ್ಣಿಗೆ ಕಾಣುವ ಮೊದಲೇ ಅವಳು ತೀರಿಕೊಂಡಿದ್ದಳು. ಅವನು ಅಲ್ಲಿಂದಲೇ ತಿರುಗಿದ. ಬಂದ ದಾರಿಯಷ್ಟನ್ನೂ ಅವಳನ್ನು ಹೊತ್ತುಕೊಂಡೇ ನಡೆದ. ಆ ದಿನದಿಂದ ಅವನು ಜೌಗಿನ ಕಡೆಗೆ ಮುಖ ಹಾಕಿ ಕೂರಲಿಲ್ಲ.

ವರ್ಷಗಳು ಕಳೆದವು. ಒಂದು ದಿನ ಉಪ್ಪಿನ ಯಜಮಾನನ ಮಗಳಿಗೆ ಹೆರಿಗೆ ನೋವು ಶುರುವಾಯಿತು. ಮಗು ಹೊಟ್ಟೆಯಲ್ಲಿ ಅಡ್ಡವಾಗಿತ್ತು. ಅಡ್ಡವಾದ ಮಗುವನ್ನು ತಿರುಗಿಸಿ ಹೊರಗೆ ತರಬಲ್ಲ ಸೂಲಗಿತ್ತಿ ಆ ತೀರದಲ್ಲಿ ಒಬ್ಬಳೇ. ಅವಳು ಮರ ಕೊಯ್ಯುವವನ ತಾಯಿ.

ಯಜಮಾನ ಹಿನ್ನೀರು ಬಳಸಲಿಲ್ಲ. ಅಷ್ಟು ಹೊತ್ತು ಅವನ ಬಳಿ ಇರಲಿಲ್ಲ. ಒಡೆದ ಏರಿಯ ಬುಡ ನೀರಿನಡಿಯಲ್ಲಿ ಇನ್ನೂ ಗಟ್ಟಿಯಾಗಿರುವುದು ಇಳಿದ ಮೇಲೆಯೇ ಅವನಿಗೆ ತಿಳಿಯಿತು. ಅದನ್ನೇ ಕಾಲಲ್ಲಿ ತಡಕುತ್ತ, ಎದೆಮಟ್ಟದ ನೀರಿನಲ್ಲಿ ದಾಟಿದ. ಮುಳ್ಳುಬೇಲಿಯಲ್ಲಿ ನುಸುಳಿ, ಮೈತುಂಬ ಕೆಸರು ಹೊತ್ತು ಮರ ಕೊಯ್ಯುವವನ ಅಂಗಳದಲ್ಲಿ ಬಂದು ನಿಂತ. ಬಂದ ಕಾರಣ ಹೇಳಿದ. ಕೈ ಮುಗಿದ.

ಮರ ಕೊಯ್ಯುವವನು ಗರಗಸ ಕೆಳಗಿಟ್ಟು ಕೇಳಿದ: "ನನ್ನ ಹೆಂಡತಿಯನ್ನು ಹೊತ್ತು ನಾನು ಯಾವ ದಾರಿಯಲ್ಲಿ ನಡೆದೆ, ಗೊತ್ತಿದೆಯೇ?"

"ಗೊತ್ತಿದೆ. ಆ ಗುದ್ದಲಿಯನ್ನು ನಾನು ಮತ್ತೆ ಮುಟ್ಟಿಲ್ಲ" ಎಂದ ಯಜಮಾನ.

ಅಷ್ಟರಲ್ಲಿ ಒಳಗಿನಿಂದ ಮುದುಕಿ ಹೊರಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಂಕುಳಲ್ಲಿ ಎಣ್ಣೆ, ಬಟ್ಟೆಗಳ ಗಂಟು ಇತ್ತು. ಮಗನ ಮುಂದೆಯೇ ಹಾದು ಅಂಗಳ ಇಳಿದಳು.

"ಅಮ್ಮಾ, ಎಲ್ಲಿಗೆ?" ಎಂದ ಮಗ.

"ಹೆರುವವಳು ಏರಿ ಕಡಿದವಳಲ್ಲ, ಮಗಾ. ನಿಮ್ಮ ಮಾತು ಮುಗಿಸಿ ಬನ್ನಿ. ನಾನು ಮುಂದೆ ಹೋಗಿರುತ್ತೇನೆ."

ಅವಳು ಬೇಲಿಯ ಮುಳ್ಳನ್ನು ಕೈಯಿಂದ ಸರಿಸಿದಳು, ಏರಿ ಹತ್ತಿದಳು, ಒಡೆದ ಕಡೆ ನೀರಿಗೆ ಇಳಿದಳು. ಉಬ್ಬರ ಏರುತ್ತಿತ್ತು. ನೀರು ಮೊಣಕಾಲು ದಾಟಿ ಸೊಂಟಕ್ಕೆ ಬಂತು. ಯಜಮಾನ ಓಡಿಹೋಗಿ ಅವಳ ಕೈ ಹಿಡಿದ. ಆದರೆ ಅವನು ಬಂದಾಗ ಎದೆಮಟ್ಟವಿದ್ದ ನೀರು ಈಗ ಅವನ ಕತ್ತಿಗೆ ಬರುವಂತಿತ್ತು. ಮುದುಕಿ ಅವನಿಗಿಂತ ಗಿಡ್ಡ. ಇಬ್ಬರೂ ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬಾರದೆ ನಿಂತರು.

ಮರ ಕೊಯ್ಯುವವನು ಅಂಗಳದಿಂದ ಇದನ್ನು ನೋಡಿದ. ಬಹಳ ವರ್ಷಗಳ ಮೇಲೆ ಜೌಗಿನ ಕಡೆಗೆ ನೋಡಿದ್ದು ಅದೇ ಮೊದಲು. ಮಾರಲೆಂದು ಕೊಯ್ದು ಜೋಡಿಸಿಟ್ಟ ಹಲಗೆಗಳಲ್ಲಿ ಉದ್ದನೆಯದೊಂದನ್ನು ಎಳೆದು ಹೆಗಲಿಗೇರಿಸಿಕೊಂಡ. ನೆರೆಯವನೊಬ್ಬ ಬೇಲಿಯ ಬಳಿ ತಡೆದು, "ಅವರಿಗಾಗಿ ನಿನ್ನ ಹಲಗೆಯೇ?" ಎಂದ.

"ಅವರಿಗಲ್ಲ. ನನ್ನ ಅಮ್ಮನ ಕಾಲಿಗೆ" ಎಂದು ಅವನು ನಡೆದ.

ನೆರೆಯವನು ಒಂದು ಗಳಿಗೆ ನಿಂತ. ಆಮೇಲೆ ತಾನೂ ಒಂದು ಹಲಗೆ ಎತ್ತಿಕೊಂಡ. ಅವನನ್ನು ಕಂಡು ಮತ್ತೊಬ್ಬ ಬಂದ. ಯಾರನ್ನೂ ಯಾರೂ ಕರೆಯಲಿಲ್ಲ. ಕಾಡಂಚಿನ ಗಂಡಸರೆಲ್ಲ ಹಲಗೆ ಹೊತ್ತು ಏರಿಯ ಮೇಲೆ ಬಂದರು. ಮುದುಕಿಯನ್ನು ಮೇಲಕ್ಕೆ ಎಳೆದುಕೊಂಡರು. ಎರಡು ಸಾಲಾಗಿ ನೀರಿಗಿಳಿದು, ಮುಳುಗಿದ ಏರಿಯ ಬುಡದ ಮೇಲೆ ಕಾಲೂರಿ ನಿಂತು, ಹಲಗೆಗಳನ್ನು ಹೆಗಲ ಮೇಲೆ ಹಿಡಿದರು. ಮುದುಕಿ ಮಕ್ಕಳಂಥವರ ಹೆಗಲ ಮೇಲೆ ನಡೆಯತೊಡಗಿದಳು. ಅವಳು ದಾಟಿದ ಹಲಗೆಯನ್ನು ತಲೆಯ ಮೇಲಿಂದ ಮುಂದಕ್ಕೆ ಸಾಗಿಸಿದರು.

ಅರ್ಧ ದಾರಿಯಲ್ಲಿ ಹೆಗಲುಗಳು ಮುಗಿದವು. ಆಗ ಆ ದಡದಿಂದ ಉಪ್ಪಿನ ಕೇರಿಯವರು ನೀರಿಗಿಳಿದರು. ಗಂಡಸರ ಹಿಂದೆ ಹೆಂಗಸರೂ ಸೆರಗು ಬಿಗಿದು ಇಳಿದರು. ಎರಡು ಕೇರಿಯ ಸಾಲುಗಳು ಒಂದರ ಕಡೆಗೆ ಒಂದು ಬಂದವು. ನಡುವೆ, ಗುದ್ದಲಿ ಬಿದ್ದ ಜಾಗದಲ್ಲಿ, ಒಂದು ಹಲಗೆಯುದ್ದದ ಆಳ ನೀರು ಉಳಿಯಿತು. ಯಜಮಾನ ಅದನ್ನು ಈಜಿ ದಾಟಿ, ಆಚೆಯಿಂದ ಹಲಗೆಯ ಒಂದು ತುದಿಗೆ ಹೆಗಲು ಕೊಟ್ಟ. ಇನ್ನೊಂದು ತುದಿಗೆ ಮರ ಕೊಯ್ಯುವವನು ಕೊಟ್ಟ.

ಮರ ಕೊಯ್ಯುವವನು ಎತ್ತರದ ಆಳು. ಹಲಗೆ ಯಜಮಾನನ ಕಡೆಗೆ ವಾಲಿತು. ಮುದುಕಿಯ ಕಾಲು ಜಾರಿತು. ಅವಳು ಕುಕ್ಕರಿಸಿ ಹಲಗೆಯನ್ನು ಹಿಡಿದುಕೊಂಡಳು. ಯಜಮಾನ ತುದಿಗಾಲಲ್ಲಿ ನಿಂತು ಎತ್ತಲು ನೋಡಿದ. ಸಾಲಲಿಲ್ಲ. ಆಗ ಮರ ಕೊಯ್ಯುವವನು ಮೊಣಕಾಲು ಬಗ್ಗಿಸಿದ. ನೀರು ಅವನ ಗದ್ದಕ್ಕೆ ಬಂತು, ತುಟಿಗೆ ಬಂತು. ಅವನು ಹಲಗೆಯನ್ನು ಬೆನ್ನಿಗೆ ತೆಗೆದುಕೊಂಡು ಇನ್ನೂ ಬಗ್ಗಿದ. ಮೂಗು ಮುಳುಗಿತು, ಕಣ್ಣು ಮುಳುಗಿತು. ಹಲಗೆ ಸಮವಾಯಿತು. ಮುದುಕಿ ಎದ್ದು ನಿಂತು, ಸೀರೆ ಸರಿಮಾಡಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ದಾಟಿದಳು.

ಮರ ಕೊಯ್ಯುವವನು ಉಸಿರಿಗಾಗಿ ಮೇಲೆ ಬಂದಾಗ ಅವನ ತೋಳು ಯಜಮಾನನ ಕೈಯಲ್ಲಿತ್ತು. ಯಜಮಾನ ಅದನ್ನು ದಡ ಮುಟ್ಟುವವರೆಗೂ ಬಿಡಲಿಲ್ಲ.

ಎರಡೂ ಕೇರಿಯವರು ಒದ್ದೆ ಬಟ್ಟೆಯಲ್ಲಿ ಯಜಮಾನನ ಮನೆಯ ಅಂಗಳದಲ್ಲಿ ಒಟ್ಟಿಗೆ ಕುಳಿತರು. ಹೆಂಗಸರು ಬಿಸಿ ಗಂಜಿ ತಂದರು. ಒಳಗಿನ ನರಳಾಟ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಯಾರೂ ಗಂಜಿ ಮುಟ್ಟಲಿಲ್ಲ. ಯಜಮಾನ ಕಂಬಕ್ಕೆ ಹಣೆ ಒತ್ತಿ ನಿಂತಿದ್ದ.

ಮಗು ಅತ್ತಿತು.

ಅಂಗಳದಲ್ಲಿದ್ದವರು ಒಮ್ಮೆಲೇ ಎದ್ದು ನಿಂತರು. ಯಾರು ಯಾರನ್ನು ಅಪ್ಪಿಕೊಂಡರೆಂದು ಆಮೇಲೆ ಯಾರಿಗೂ ನೆನಪಿರಲಿಲ್ಲ. ಯಜಮಾನ ಕಂಬ ಬಿಟ್ಟು ಬಾಗಿಲ ಕಡೆಗೆ ನಡೆದ. ಮರ ಕೊಯ್ಯುವವನು ಗೋಡೆಗೆ ಮುಖ ತಿರುಗಿಸಿ ಅತ್ತ. ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ಅವನು ಅತ್ತಿರಲಿಲ್ಲ. ಅತ್ತು ಮುಗಿದ ಮೇಲೆ ಗಂಜಿಯ ಬಟ್ಟಲು ತೆಗೆದುಕೊಂಡು ಹೊಟ್ಟೆ ತುಂಬ ಉಂಡ.

ಮುದುಕಿ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದಳು. "ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಬಾಣಂತಿಯ ಕೆಲಸ ಮುಗಿಸಿ ನಾನು ಮನೆಗೆ ಹೋಗಬೇಕು. ಈ ವಯಸ್ಸಿನಲ್ಲಿ ಇನ್ನೊಮ್ಮೆ ಹಲಗೆಯ ಮೇಲೆ ನಡೆಯುವವಳಲ್ಲ ನಾನು. ಏನು ಮಾಡುತ್ತೀರೋ ಮಾಡಿ" ಎಂದಳು.

ಉಬ್ಬರ ಇಳಿದಿತ್ತು. ಜನ ಅವೇ ಒದ್ದೆ ಬಟ್ಟೆಯಲ್ಲಿ ಬುಟ್ಟಿ ಹಿಡಿದು ಹೊರಟರು. ಮರ ಕೊಯ್ಯುವವನು ಹಲಗೆಗಳನ್ನು ಎರಡು ಬದಿಗೆ ಗೂಟ ಹೊಡೆದು ನಿಲ್ಲಿಸಿದ. ಉಪ್ಪಿನ ಕೇರಿಯವರು ನಡುವೆ ಜೇಡಿಮಣ್ಣು ತುಂಬಿದರು. ನೀರು ಬಂದಾಗ ದಡಕ್ಕೆ ಹೋದರು, ನೀರು ಇಳಿದಾಗ ಮತ್ತೆ ಬಂದರು. ಕೊಚ್ಚಿಹೋದದ್ದನ್ನು ಮತ್ತೆ ಕಟ್ಟಿದರು. ಕಾಡಂಚಿನ ಹೆಂಗಸರು ಮುಳ್ಳುಬೇಲಿಗೆ ಬೆಂಕಿ ಇಟ್ಟರು.

ಮುದುಕಿ ಹೊರಟ ದಿನ ಏರಿ ಒಣಗಿತ್ತು. ಹೊಸ ಸೀರೆಯುಟ್ಟು ಅವಳು ಮುಂದೆ ನಡೆದಳು. ಎರಡು ಕೇರಿಗಳೂ ಡೋಲು ಬಾರಿಸುತ್ತ ಅವಳ ಹಿಂದೆ ನಡೆದವು. ಜೌಗು ದಾಟಿ, ಕಾಡು ದಾಟಿ, ಪೇಟೆಯವರೆಗೂ ಹೋಗಿ ಬಂದರು. ಪೇಟೆಯಲ್ಲಿ ಯಾರಿಗೂ ಕೆಲಸವಿರಲಿಲ್ಲ. ಹೋಗಬಹುದಾಗಿತ್ತು, ಅದಕ್ಕೇ ಹೋದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಕೊನೆಗೆ ಆ ಇಬ್ಬರಲ್ಲಿ ಗೆದ್ದವನು ಯಾರು?"

"ಆ ಪ್ರಶ್ನೆ ದಡದಲ್ಲಿ ನಿಂತವನದು, ನೀರಿಗಿಳಿದವನದಲ್ಲ" ಎಂದರು ಗುರುಗಳು.

ಶಿಷ್ಯ ಎದ್ದು, ನೆರವು ಕೇಳಿ ಬಂದವನ ಬಳಿಗೆ ಹೊರಟ.