ನಾಲಿಗೆಗೆ ಪಥ್ಯ

ಬೆಳಿಗ್ಗೆ ಎದ್ದ ಕೂಡಲೇ ದ್ಯಾವಣ್ಣ ಹೊಟ್ಟೆ ಹಿಡಿದುಕೊಂಡು ಹೆಂಡತಿಗೆ ಹೇಳಿದ: "ನಿನ್ನೆಯ ಹೀರೇಕಾಯಿ ಪಲ್ಯವೂ ಆಗಿಬರಲಿಲ್ಲ ಕಣೇ. ಇನ್ನು ಮೇಲೆ ಅದೂ ಬೇಡ."

ಅದನ್ನು ಕೇಳಿ ನಾಲಿಗೆ ಕರುಳಿನ ಮೇಲೆ ಹರಿಹಾಯ್ದಿತು. "ಮೆಣಸಿನಕಾಯಿ ಬಿಟ್ಟೆ, ಬದನೆಕಾಯಿ ಬಿಟ್ಟೆ, ಕಡಲೆಬೇಳೆ ಬಿಟ್ಟೆ. ಬರೀ ಉಪ್ಪು ಹಾಕಿದ ಗಂಜಿಯ ಜೊತೆ ಉಳಿದಿದ್ದದ್ದು ಆ ಪಲ್ಯ ಒಂದೇ, ಈಗ ಅದೂ ಹೋಯಿತು. ಆದರೂ ಹೀಗೆ ಹಿಂಡುತ್ತೀಯಲ್ಲ, ನಿನಗೆ ನ್ಯಾಯ ನೀತಿ ಇದೆಯೇ?"

"ಪಲ್ಯ ಬಿಡು ಎಂದು ನಾನು ಯಾವತ್ತು ಹೇಳಿದೆ?" ಕರುಳು ಸಿಡುಕಿತು. "ಮೈ ನೆಟ್ಟಗೆ ನಿದ್ದೆ ಮಾಡಿದರೆ ನಾನೂ ಸುಧಾರಿಸಿಕೊಳ್ಳುತ್ತೇನೆ. ಮಲಗಲು ಬಿಡದ ಈ ಕಣ್ಣನ್ನು ಕೇಳು!"

ಕಣ್ಣು ರೆಪ್ಪೆ ಬಡಿಯಿತು. "ನನ್ನನ್ನೇಕೆ ಎಳೆಯುತ್ತೀರಿ? ನಾನು ಒಂದು ಅಗುಳನ್ನೂ ಮುಟ್ಟಿದವನಲ್ಲ."

"ಅಗುಳು ಮುಟ್ಟಲಿಲ್ಲವಂತೆ!" ಕರುಳು ಕೆರಳಿ ಕೂಗಿತು. "ಹಾಸಿಗೆಯಲ್ಲಿ ಬಿದ್ದುಕೊಂಡೇ ಮೊಬೈಲಿನಲ್ಲಿ ಕ್ರಿಕೆಟ್ ತಿಂದೆ, ಕೊಲೆಯ ಸುದ್ದಿ ತಿಂದೆ, ಯಾರದೋ ಮನೆಯ ಜಗಳ ತಿಂದೆ. ಒಂದು ಗಳಿಗೆ ಮುಚ್ಚಿಕೊಂಡಂತೆ ಮಾಡಿ ಮತ್ತೆ ಎದ್ದು ತಿಂದೆ. ನಿನ್ನ ಊಟ ಮುಗಿಯುವವರೆಗೂ ನಾನು ಎಚ್ಚರವಾಗಿ ಕೂತಿರಬೇಕು. ಪಥ್ಯ ಮಾಡಬೇಕಾದವನು ನೀನು ಕಣೋ!"

ಅಷ್ಟರಲ್ಲಿ ದ್ಯಾವಣ್ಣನ ಹೆಂಡತಿ ರತ್ನವ್ವ ಅಡುಗೆಮನೆಯಿಂದ ಕೇಳಿದಳು: "ಹೀರೇಕಾಯಿಯೂ ಬೇಡ ಅಂದರೆ ಇನ್ನೇನು ಮಾಡಲಿ ರೀ?"

"ತಾಳು, ಹೊಟ್ಟೆಗೆ ಏನು ಒಳ್ಳೆಯದು ಅಂತ ನೋಡಿ ಹೇಳುತ್ತೇನೆ," ಎಂದು ದ್ಯಾವಣ್ಣ ದಿಂಬಿನಡಿಯ ಮೊಬೈಲ್ ತೆಗೆದುಕೊಂಡು ಮತ್ತೆ ಒರಗಿದ.

ಕಣ್ಣು ಅಗಲವಾಗಿ ಅರಳಿತು. ಅಂದಿನಿಂದ ನಾಲಿಗೆಗೆ ಗಂಜಿಯ ಉಪ್ಪೂ ತಪ್ಪಿತು.