ಎರವಲು ಕುಹೂ

ಶಿಷ್ಯ ಕೇಳಿದ: "ಗುರುಗಳೇ, ನಾನು ಹೇಳುವ ಪ್ರಾರ್ಥನೆಯೆಲ್ಲ ಯಾರೋ ಬರೆದದ್ದು. ಒಂದು ಪದವೂ ನನ್ನದಲ್ಲ. ಎರವಲು ಮಾತಿಗೆ ದೇವರು ಓಗೊಡುವುದಿಲ್ಲವೇ? ಇಷ್ಟು ವರ್ಷವಾಯಿತು, ನನಗಂತೂ ಏನೂ ಕೇಳಿಸಿಲ್ಲ."

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಸಂಗೀತಗಾರನಿದ್ದ. ವೀಣೆಯಿಲ್ಲ, ಮೃದಂಗವಿಲ್ಲ, ಅವನದೆಲ್ಲ ಯಂತ್ರದ ಸಂಗೀತ. ಕಾಡುಮೇಡು ಅಲೆದು ಹೊಳೆಯ ಸದ್ದು, ಜೀರುಂಡೆಯ ಸದ್ದು, ಕೋಗಿಲೆಯ ಕೂಗು ಎಲ್ಲವನ್ನೂ ಹಿಡಿದು ತರುತ್ತಿದ್ದ. ಅವನ್ನು ಯಂತ್ರದಲ್ಲಿ ಹಿಗ್ಗಿಸಿ, ಕುಗ್ಗಿಸಿ, ತಾಳಕ್ಕೆ ಕೂರಿಸಿ ನುಡಿಸುತ್ತಿದ್ದ. ಮನೆಯವರ ಕಣ್ಣಿಗೆ ಇದು ಶುದ್ಧ ಹುಚ್ಚು.

ಅವನ ಅಣ್ಣ ದಿನಸಿ ವ್ಯಾಪಾರಿ. ಒಂದು ದಿನ ಹೇಳಿಯೇಬಿಟ್ಟ: "ನಮ್ಮೂರ ಜನರ ಮುಂದೆ ಒಂದ್ಸಲ ನುಡಿಸು. ಮುಗಿಯೋ ತನಕ ಅವರು ಕೂತ್ರೆ ನಾನು ಬಾಯಿ ಮುಚ್ಕೋತೀನಿ. ಎದ್ದು ಹೋದ್ರೆ ನೀನು ಆ ಯಂತ್ರದ ಪೆಟ್ಟಿಗೆ ಮುಚ್ಚಿ ಅಂಗಡಿಗೆ ಬಾ."

ಊರಾಚೆಯ ಮಾವಿನ ತೋಪಿನಲ್ಲಿ ಬೆಳಗಿನ ಹೊತ್ತು ಕಛೇರಿ ಏರ್ಪಾಡಾಯಿತು. ಊರಿಗೆ ಊರೇ ಬಂದಿತ್ತು. ಸಂಗೀತಗಾರ ಜನರ ಕಡೆಗೆ ಧ್ವನಿವರ್ಧಕ ತಿರುಗಿಸಿಟ್ಟು, ತಾನು ಕಿವಿ ಮುಚ್ಚುವಂಥ ಹೆಡ್‌ಫೋನ್ ಏರಿಸಿಕೊಂಡ. ಅದನ್ನು ಹಾಕಿಕೊಂಡರೆ ಯಂತ್ರದ ನಾದ ಬಿಟ್ಟು ಬೇರೆ ಯಾವ ಸದ್ದೂ ಅವನಿಗೆ ಕೇಳಿಸುತ್ತಿರಲಿಲ್ಲ. ಮೊದಲು ಕೋಗಿಲೆಯ ಕೂಗಿನಿಂದಲೇ ಶುರುಮಾಡಿದ.

ಸ್ವಲ್ಪ ಹೊತ್ತಿಗೆ ಒಬ್ಬ ಮರದ ಕಡೆ ನೋಡಿದ. ಪಕ್ಕದವನೂ ನೋಡಿದ. ಆಮೇಲೆ ಎಲ್ಲರೂ ಕತ್ತೆತ್ತಿ ನಗುತ್ತ ಕೂತರು. ಮುಂದೆ ಕೂತ ಅಣ್ಣನೂ ಕೊಂಬೆ ನೋಡುತ್ತಿದ್ದ. ಸಂಗೀತಗಾರ ಅದನ್ನು ಕಂಡ. ನನ್ನ ಮುಖ ನೋಡಲೂ ಇವರಿಗೆ ಬೇಸರವೇ ಎಂದುಕೊಂಡು ಸದ್ದು ಏರಿಸಿದ. ಜನ ಇನ್ನಷ್ಟು ನಕ್ಕರು. ಇನ್ನು ಅಂಗಡಿಯೇ ಗತಿ ಎಂದು ಯಂತ್ರ ನಿಲ್ಲಿಸಿದ, ಹೆಡ್‌ಫೋನ್ ಕಿತ್ತಿಟ್ಟು ಏಳಹೊರಟ.

ಮರದ ತುದಿಯಿಂದ ಕೋಗಿಲೆಯೊಂದು "ಕುಹೂ" ಎಂದಿತು. ಸ್ವಲ್ಪ ಸಿಟ್ಟಿನಿಂದಲೇ ಎಂದಿತು.

"ಯಾಕೋ ನಿಲ್ಲಿಸ್ದೆ?" ಎಂದು ಅಣ್ಣ ಕೂಗಿದ. "ಆಗ್ಲಿಂದ ಅದು ನಿನಗೆ ಜವಾಬು ಕೊಡ್ತಾ ಇದೆ. ನಿನಗೊಬ್ಬನಿಗೆ ಬಿಟ್ಟು ಊರಿಗೆಲ್ಲ ಕೇಳಿಸ್ತು!"

ಸಂಗೀತಗಾರ ಹೊಟ್ಟೆ ಹಿಡಿದುಕೊಂಡು ನಕ್ಕ. ಬರಿಗಿವಿಯಲ್ಲೇ ಕೂತು ಯಂತ್ರದಿಂದ ಒಂದು ಕೂಗು ಬಿಟ್ಟು ಕಾದ. ಕೋಗಿಲೆ ಒಂದು ಸ್ವರ ಮೇಲೇರಿತು. ಇವನೂ ಏರಿದ. ಅದು ಬಿಟ್ಟೀತೇ, ಇನ್ನೂ ಏರಿತು. ಮಕ್ಕಳು ದನಿಗೂಡಿಸಿದರು, ಮುದುಕರೂ ಸುಮ್ಮನಿರಲಿಲ್ಲ. ಜನ್ಮದಲ್ಲಿ ಹಾಡದ ಅಣ್ಣ ಕೂಡ ಪಂಚೆ ಸರಿಮಾಡಿಕೊಂಡು "ಕುಹೂ" ಎಂದ. ಬಿಸಿಲೇರಿದರೂ ಒಬ್ಬರೂ ಏಳಲಿಲ್ಲ. ಕೊನೆಗೆ ಎದ್ದು ಹೋದದ್ದು ಕೋಗಿಲೆಯೇ.

ಶಿಷ್ಯನ ಮುಖ ಅರಳಿತು. "ಹಾಗಾದರೆ ಎರವಲು ಕೂಗಿಗೂ ಉತ್ತರ ಉಂಟು! ಮತ್ತೆ ನನಗೇಕೆ ಬಂದಿಲ್ಲ ಗುರುಗಳೇ?"

ಗುರುಗಳೆಂದರು: "ಅದಿರಲಿ ಮಗು, ಒಲೆಯ ಮೇಲಿನ ಹಾಲು ಉಕ್ಕಿತೆಂಬ ಹಾಗೆ ಎದ್ದು ಓಡುತ್ತೀಯಲ್ಲ, ಪ್ರಾರ್ಥನೆ ಮುಗಿದ ಮೇಲೆ ಎಂದಾದರೂ ಒಂದು ಗಳಿಗೆ ಸುಮ್ಮನೆ ಕೂತಿದ್ದೀಯಾ?"