ಎಡಕ್ಕೆ ಒಂದು ಗೇಣು

ಐತಪ್ಪ ಗುರುಗಳ ಆಶ್ರಮ ಎಂದರೆ ಗುಡ್ಡದ ಬುಡದಲ್ಲೊಂದು ಹುಲ್ಲಿನ ಮಾಡು, ಎರಡು ಪಿಕ್ಕಾಸು, ಒಂದು ಎಣ್ಣೆದೀಪ. ಮಂತ್ರ ಕಲಿಯಲು ಬಂದವರು ಅಲ್ಲಿಂದ ಮರುದಿನವೇ ಜಾಗ ಖಾಲಿ ಮಾಡುತ್ತಿದ್ದರು. ಗುರುಗಳಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಗುಡ್ಡದೊಳಗೆ ಅಡ್ಡಕ್ಕೆ ಸುರಂಗ ತೋಡಿ ನೀರನ್ನು ಹೊರಗೆ ಹರಿಸುವುದು.

ಶಿಷ್ಯ ದಾಮೋದರನಿಗೆ ಅಲ್ಲಿ ನಾಲ್ಕು ವರ್ಷ ತುಂಬಿತ್ತು. ಅವನಿಗೆ ಬೇಕಾದದ್ದೂ ಒಂದೇ. ಗುರುಗಳು ತಮ್ಮ ಪಿಕ್ಕಾಸನ್ನು ಅವನ ಕೈಗೆ ಕೊಟ್ಟು, ಇನ್ನು ನೀನೇ ತೋಡು, ಹೋಗು ಎನ್ನಬೇಕು. ಆಚೆ ಗುಡ್ಡದವರು ತಮ್ಮಲ್ಲೂ ಸುರಂಗ ತೋಡಿಕೊಡು ಎಂದು ಎರಡು ಸಲ ಬಂದು ಕೇಳಿ ಹೋಗಿದ್ದರು. ಈ ಮನುಷ್ಯ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಕೊನೆಗೊಮ್ಮೆ ಬಿಟ್ಟರು, ಮಾಡಿನ ಹಿಂದೆ ಹೊಸದಾಗಿ ಶುರುಮಾಡಿದ್ದ ಸುರಂಗವನ್ನು ತೋರಿಸಿ.

“ಈ ಸುರಂಗದಲ್ಲಿ ನೀರು ತಾ. ಕೊಡುತ್ತೇನೆ.”

ಅಂದಿನಿಂದ ದಾಮೋದರ ತೋಡಿದ ನೋಡಿ, ಹಿಂದೆ ಮುಂದೆ ನೋಡದೆ. ಅಲ್ಲ, ಹಿಂದೆ ನೋಡುತ್ತಿದ್ದ. ನಾಲ್ಕು ಪೆಟ್ಟು ಹಾಕುವುದು, ತಿರುಗಿ ಸುರಂಗದ ಬಾಯಿ ನೋಡುವುದು. ಬಾಯಿಯ ಬೆಳಕು ಬೆನ್ನಿಗೆ ಸರಿಯಾಗಿ ಕಂಡರೆ ಸುರಂಗ ನೇರ ಇದೆ ಎಂದು ಅವನ ಲೆಕ್ಕ. ನೇರ ತೋಡುವುದರಲ್ಲಿ ಅವನನ್ನು ಮೀರಿಸುವವರು ಯಾರೂ ಇರಲಿಲ್ಲ.

ಸಂಜೆ ಗುರುಗಳು ಬಗ್ಗಿಕೊಂಡು ಒಳಗೆ ಬರುತ್ತಿದ್ದರು. ಗೋಡೆಗೆ ಅಂಗೈ ಒತ್ತುವರು, ಮಣ್ಣು ಮೂಸುವರು, ನಾಳೆ ಎಡಕ್ಕೆ ಒಂದು ಗೇಣು ಎನ್ನುವರು. ಮರುದಿನ ಮೇಲಕ್ಕೆ ಎರಡು ಬೆರಳು. ಅದರ ಮರುದಿನ ಪುನಃ ಎಡಕ್ಕೆ.

ದಾಮೋದರನಿಗೆ ತಲೆ ಕೆಟ್ಟು ಹೋಗುತ್ತಿತ್ತು. ಹೀಗೆ ಸೊಟ್ಟಸೊಟ್ಟ ತೋಡಿದರೆ ನೋಡಿದವರು ಏನೆನ್ನುತ್ತಾರೆ? ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಬಿಳಿ ಶೇಡಿಮಣ್ಣು, ಎರಡರ ನಡುವೆ ಒಂದು ಮೊಳ ದಪ್ಪದ ಮೆತ್ತನೆ ಕಲ್ಲಿನ ಪದರ, ನೀರು ಓಡಾಡುವುದು ಅದರಲ್ಲಿ. ಅಷ್ಟನ್ನು ಮೊದಲ ವರ್ಷವೇ ಹೇಳಿಕೊಟ್ಟಿದ್ದರು. ಆ ಪದರ ಯಾವಾಗ ಯಾವ ಕಡೆ ತಿರುಗುತ್ತದೆ ಎಂದು ಕೇಳಿದರೆ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಅವನೂ ಕಡಿಮೆಯವನಲ್ಲ. ಹೇಳಿದಂತೆ ಎಡಕ್ಕೆ ಒಂದು ಗೇಣು ತೋಡುತ್ತಿದ್ದ. ಗುರುಗಳು ಅತ್ತ ಹೋದ ಮೇಲೆ ಬಲಕ್ಕೆ ತಂದು ನೇರ ಮಾಡುತ್ತಿದ್ದ.

ಅಷ್ಟರಲ್ಲಿ ಗುರುಗಳು ಜ್ವರ ಬಂದು ಮೂರು ದಿನ ಮಲಗಿದರು. ಹೇಳುವವರು ಕೇಳುವವರು ಇಲ್ಲ. ದಾಮೋದರ ಅಳತೆಕೋಲಿನಲ್ಲಿ ನಾಲ್ಕು ಕೋಲು ಮುಂದೆ ಹೋದ.

ಜ್ವರ ಬಿಟ್ಟ ದಿನ ಗುರುಗಳು ಒಳಗೆ ಬಂದು ಗೋಡೆಗೆ ಕೈಯಿಟ್ಟರು. ಅಂಗೈ ತುಂಬ ಬಿಳಿ ಮಣ್ಣು. ಎಡಕ್ಕೂ ಶೇಡಿ, ಬಲಕ್ಕೂ ಶೇಡಿ. ನೀರಿನ ಪದರ ಯಾವಾಗಲೋ ಕೈತಪ್ಪಿತ್ತು. ತಲೆಯ ಮೇಲಿಂದ ಮಣ್ಣು ಉದುರುತ್ತಿತ್ತು.

“ನೇರ ಉಂಟಲ್ಲ?” ಎಂದ ದಾಮೋದರ. ಸ್ವರ ಸಣ್ಣದಾಗಿತ್ತು.

“ಉಂಟು. ತುಂಬಿಸು.”

ಹೊರಗೆ ಹಾಕಿದ ಮಣ್ಣನ್ನೆಲ್ಲ ಪುನಃ ಒಳಗೆ ಎಳೆದು, ನಾಲ್ಕು ಕೋಲನ್ನೂ ಅವನೇ ತುಂಬಿಸಬೇಕಾಯಿತು. ಐದು ದಿನ ಹಿಡಿಯಿತು. ಸೊಂಟ ಮುರಿದುಹೋಯಿತು. ಒಂದು ಬೈಗುಳವಾದರೂ ಸಿಕ್ಕಿದ್ದರೆ ಸಮಾಧಾನ ಆಗುತ್ತಿತ್ತು, ಅದೂ ಸಿಗಲಿಲ್ಲ.

ಆರನೆಯ ದಿನ ಬೆಳಿಗ್ಗೆ ಪಿಕ್ಕಾಸು ಎತ್ತಿದ್ದಷ್ಟೇ, ಹಿಂದಿನ ಬೆಳಕು ಹೋಯಿತು. ತಿರುಗಿದರೆ ಗುರುಗಳು ಸುರಂಗದ ಬಾಯಿಗೆ ಅಡ್ಡ ಕೂತಿದ್ದಾರೆ.

“ಸ್ವಲ್ಪ ಆಚೆ ಕೂತುಕೊಳ್ಳಿ ಗುರುಗಳೇ, ಏನೂ ಕಾಣುವುದಿಲ್ಲ.”

“ಕಾಲುನೋವು ಮಾರಾಯ. ಏಳಲಿಕ್ಕಾಗುವುದಿಲ್ಲ.”

ಬೇಕೆಂತಲೇ ಮಾಡುತ್ತಿದ್ದಾರೆ! ದಾಮೋದರ ಮನಸ್ಸಿನಲ್ಲೇ ನಾಲ್ಕು ಬೈದ. ದೀಪದ ಬೆಳಕು ಮೊಳ ದೂರಕ್ಕೂ ಸಾಲದು. ಬೇರೆ ಗತಿಯಿಲ್ಲದೆ ಗೋಡೆ ತಡವಿದ. ಬಲಕ್ಕೆ ಒಣಗಲ್ಲು. ಎದುರಿಗೆ ಅವನೇ ತುಂಬಿಸಿದ ಮಣ್ಣು. ಎಡಕ್ಕೆ, ಹೆಗಲಿಗಿಂತ ಸ್ವಲ್ಪ ಮೇಲೆ, ಅಂಗೈ ತಣ್ಣಗಾಯಿತು.

ಅಲ್ಲಿಗೆ ಪೆಟ್ಟು ಹಾಕಿದ. ತಂಪು ಇದ್ದ ಕಡೆಗೆ ಹೋದ, ತಂಪು ತಪ್ಪಿದರೆ ನಿಂತು ಪುನಃ ತಡವಿದ. ಗುರುಗಳ ಕಾಲುನೋವು ದಿನಾ ಬಂತು, ದಿನಾ ಅದೇ ಜಾಗದಲ್ಲಿ ಕೂತರು. ಒಂಬತ್ತನೆಯ ದಿನ ಪಿಕ್ಕಾಸಿನ ಮೊನೆಯ ಸುತ್ತ ನೀರು ಜಿನುಗಿತು. ಸಂಜೆಯ ಹೊತ್ತಿಗೆ ಹರಿದು ಬಂದು ಗುರುಗಳ ಪಂಚೆ ಒದ್ದೆ ಮಾಡಿತು. ಆಗ ಎದ್ದರು.

ದಾಮೋದರ ಕೆಸರು ಮೆತ್ತಿಕೊಂಡು ಹೊರಗೆ ಬಂದ. ಅಳುವೂ ನಗುವೂ ಒಟ್ಟಿಗೇ ಬರುತ್ತಿತ್ತು. ಗುರುಗಳು ತಮ್ಮ ಪಿಕ್ಕಾಸನ್ನು ಅವನ ಕೈಗಿಟ್ಟರು.

ಅವನು ಕಾಲಿಗೆ ಬಿದ್ದ. ಎದ್ದು ಹತ್ತು ಹೆಜ್ಜೆ ಹೋದ. ಏನೋ ನೆನಪಾಗಿ ತಿರುಗಿ ಬಂದ.

“ಗುರುಗಳೇ, ಇದೊಂದು ಹೇಳಿಬಿಡಿ. ಆಚೆ ಗುಡ್ಡದಲ್ಲಿ ಎಷ್ಟು ಕೋಲು ಹೋದ ಮೇಲೆ ಎಡಕ್ಕೆ ತಿರುಗಬೇಕು?”

ಗುರುಗಳು ನಿಟ್ಟುಸಿರು ಬಿಟ್ಟರು. ಕೈ ಚಾಚಿ ಪಿಕ್ಕಾಸನ್ನು ವಾಪಸು ತೆಗೆದುಕೊಂಡರು.

“ಆ ಗುಡ್ಡವನ್ನು ನಾನಿನ್ನೂ ಮುಟ್ಟಿಯೇ ಇಲ್ಲವಲ್ಲ ಮಾರಾಯ.”